ಶೆಟ್ಟರು ಆರಿಸಿದ ಚಿಮಿಣಿ

ಈಚೆಗೆ ಒಂದು ಇಂಜಿನಿಯರಿಂಗ್ ಕಾಲೇಜಿನಿಂದ ಇಬ್ಬರು ಉಪನ್ಯಾಸಕರು ಮನೆಗೆ ಬಂದಿದ್ದರು. ಚಿಪ್ ವಿನ್ಯಾಸದ ಕೆಲಸಕ್ಕೆ ಸೇರಲಿರುವ ಮಕ್ಕಳೆದುರು ನಾನು ಮಾತಾಡಬೇಕಂತೆ. "ನಿಮ್ಮ ಜರ್ನಿ ಹೇಳಿ ಮೇಡಂ, ಮಕ್ಕಳಿಗೆ ಸ್ವಲ್ಪ ಸ್ಫೂರ್ತಿ ತುಂಬಿ" ಎಂದರು. "ಸ್ಫೂರ್ತಿ ನನ್ನ ಹತ್ರ ಸ್ಟಾಕ್ ಇಲ್ಲ. ನಡೆದದ್ದು ಹೇಳ್ತೇನೆ, ಆಗಬಹುದಾ?" ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಾ ಕುಡಿದು ಹೋದರು. ಆಮೇಲೆ ಫೋನ್ ಬರಲಿಲ್ಲ. ಅಲ್ಲಿ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಡವಾದವರು ಓದಬೇಕಾಗಿಲ್ಲ.

ನನ್ನ ಹೆಸರು ವಾರಿಜ. ನಮ್ಮದು ಬೆಂಗ್ರೆ ಕಡೆಯ ಮೀನುಗಾರರ ಮನೆ. ನಾನು ನಿವೃತ್ತಿಯವರೆಗೆ ದುಡಿದದ್ದು ಮಂಗಳೂರಿನ ಹಂಪನಕಟ್ಟೆಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ. ಕೆಳಗೆ ಬಟ್ಟೆ ಅಂಗಡಿ, ನಡುವೆ ಲಾಡ್ಜ್, ಮೇಲೆ ನಾವು. ಹೊರದೇಶದ ಕಂಪೆನಿಗಳು ಮಾಡುವ ಚಿಪ್‌ಗಳ ಒಳಗಿನ ಸಣ್ಣ ಸಣ್ಣ ಭಾಗಗಳನ್ನು ನಾವು ವಿನ್ಯಾಸ ಮಾಡಿ ಕೊಡುತ್ತಿದ್ದೆವು. ಲಾಡ್ಜಿಗೆ ಬಂದವರು ಎಷ್ಟೋ ಸಲ ದಾರಿ ತಪ್ಪಿ ನಮ್ಮ ಬಾಗಿಲು ತಟ್ಟಿ ರೂಮ್ ಉಂಟಾ ಎಂದು ಕೇಳುತ್ತಿದ್ದರು. ನಮ್ಮ ಬಗ್ಗೆ ಊರಿಗೆ ಅಷ್ಟೇ ಗೊತ್ತಿದ್ದದ್ದು.

ನನ್ನ ಪಾಲಿನ ಕೆಲಸ ರಿಸೀವರ್. ಮೆಮೊರಿ ಚಿಪ್ ಒಂದು ಮತ್ತು ಸೊನ್ನೆಗಳನ್ನು ಹೆಚ್ಚು ವೋಲ್ಟೇಜ್, ಕಡಿಮೆ ವೋಲ್ಟೇಜ್ ಆಗಿ ತಂತಿಯ ಮೇಲೆ ಕಳಿಸುತ್ತದೆ. ಈ ತುದಿಯಲ್ಲಿ ಕೂತು ಇದು ಒಂದು, ಇದು ಸೊನ್ನೆ ಎಂದು ತೀರ್ಮಾನಿಸುವ ಪುಟ್ಟ ಸರ್ಕ್ಯೂಟೇ ರಿಸೀವರ್. ಅದಕ್ಕೆ ನಡುವೆ ಒಂದು ಗೆರೆ ಬೇಕು. ಗೆರೆಯಿಂದ ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ. ಆ ಗೆರೆಯೂ ಒಂದು ವೋಲ್ಟೇಜೇ, ಅದನ್ನು ರೆಫರೆನ್ಸ್ ಎನ್ನುತ್ತೇವೆ.

ನಾನು ಸೇರುವಾಗ ವೋಲ್ಟೇಜುಗಳು ದೊಡ್ಡವು, ತಪ್ಪು ಮಾಡಿದರೂ ನಡೆಯುತ್ತಿತ್ತು. ಒಂದೊಂದು ತಲೆಮಾರಿನ ಮೆಮೊರಿ ಬಂದ ಹಾಗೆ ವೋಲ್ಟೇಜ್ ಇಳಿಯುತ್ತಾ ಹೋಯಿತು, ಬ್ಯಾಟರಿ ಉಳಿಯಬೇಕಲ್ಲ. ಹಾಗೆಂದು ಹಳೆಯ ಮೆಮೊರಿಯನ್ನು ಬಿಡುವ ಹಾಗೂ ಇಲ್ಲ. ಒಂದೇ ರಿಸೀವರ್ ಹಳೆಯದನ್ನೂ ಓದಬೇಕು, ಹೊಸದನ್ನೂ ಓದಬೇಕು, ಮೇಲಿಂದ ಕರೆಂಟ್ ತಿನ್ನಬಾರದು. ಒಂದೇ ಕಿವಿಗೆ ಪಿಸುಮಾತೂ ಕೇಳಬೇಕು, ಕೂಗೂ ಕೇಳಬೇಕು, ಆದರೆ ಕಿವಿಗೆ ಆಯಾಸ ಆಗಬಾರದು ಎಂದ ಹಾಗೆ. ಈ ಹುಚ್ಚು ಬೇಡಿಕೆ ನನಗೆ ಇಷ್ಟವೇ ಆಗಿತ್ತು. ನನ್ನ ಒಳ್ಳೆಯ ವರ್ಷಗಳೆಲ್ಲ ಅದಕ್ಕೆ ಹೋದವು.

ನಮ್ಮ ಕಂಪೆನಿ ಕಟ್ಟಿದವರು ಜಯಕರ ಶೆಟ್ಟರು. ಅವರ ಮನೆಯವರಿಗೆ ಮೊದಲು ಗದ್ದೆ ಇತ್ತು, ಆಮೇಲೆ ಹೋಟೆಲುಗಳು. ಇವರೊಬ್ಬರು ಎಲೆಕ್ಟ್ರಾನಿಕ್ಸ್ ಓದಿದರು. ಓದಿದರೂ ಮಂಡೆಯೊಳಗೆ ಹೋಟೆಲೇ ಇತ್ತು. ಚಿಪ್ಪಿನ ಮೇಲೆ ಸರ್ಕ್ಯೂಟಿನ ಲೇಔಟ್ ದೊಡ್ಡದಾದರೆ "ಇಷ್ಟು ಜಾಗದಲ್ಲಿ ಇನ್ನೆರಡು ಟೇಬಲ್ ಹಾಕ್ಬಹುದಿತ್ತು" ಎನ್ನುತ್ತಿದ್ದರು. ನಗು ಬರುತ್ತಿತ್ತು, ಕೆಲವೊಮ್ಮೆ ಮಾತು ಸರಿಯೂ ಇರುತ್ತಿತ್ತು. ನನ್ನ ಅಮ್ಮ ತೀರಿಕೊಂಡಾಗ ಎಲ್ಲರಿಗಿಂತ ಮೊದಲು ಬಂದವರು, ಚಟ್ಟಕ್ಕೆ ಹೆಗಲು ಕೊಟ್ಟವರು ಅವರು. ಶೆಟ್ಟರು ಒಳ್ಳೆಯವರು ಎಂದು ಊರಿಡೀ ಹೇಳುತ್ತದೆ. ನಾನೂ ಬಹಳ ಕಾಲ ಹೇಳಿದ್ದೇನೆ.

ನಮ್ಮ ಆಫೀಸಿನಲ್ಲೊಂದು ಪದ್ಧತಿ ಇತ್ತು. ಸರ್ಕ್ಯೂಟನ್ನು ಗಿರಾಕಿಗೆ ಕಳಿಸುವ ಮೊದಲು ಎಲ್ಲರೂ ಕೂತು ವಿಮರ್ಶೆ ಮಾಡುವ ದಿನ, ಯಾರ ಸರ್ಕ್ಯೂಟೋ ಅವರೇ ಎಣ್ಣೆಯಲ್ಲಿ ಕರಿದ ಗೋಳಿಬಜೆ ತರಿಸಬೇಕು. ಪ್ರಶ್ನೆ ಎಲ್ಲ ಅದು ಬರುವವರೆಗೆ. ಬಿಸಿ ಪೊಟ್ಟಣ ಮೇಜಿನ ಮೇಲೆ ಬಂತು ಎಂದರೆ ಸರ್ಕ್ಯೂಟ್ ಪಾಸು. ಬುದ್ಧಿವಂತರು ಗೋಳಿಬಜೆಯನ್ನು ಬೇಗ ತರಿಸುತ್ತಿದ್ದರು. ತಮಾಷೆ ಎಂದುಕೊಂಡಿದ್ದೆವು. ಬಾಯಿ ತುಂಬಿದವನು ಪ್ರಶ್ನೆ ಕೇಳುವುದಿಲ್ಲ ಎನ್ನುವುದು ಶೆಟ್ಟರಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು.

ಕೆಲಸದ ರೀತಿ ಬದಲಾದದ್ದನ್ನೂ ಹೇಳಬೇಕು. ಮೊದಮೊದಲು ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸಿಮ್ಯುಲೇಶನ್ ಒಂದು ಹಾಕಿದರೆ ಅದು ಮುಗಿಯಲು ಅರ್ಧ ದಿನ. ಹಾಗಾಗಿ ಹಾಕುವ ಮೊದಲು ಯೋಚಿಸುತ್ತಿದ್ದೆವು: ಈ ಸರ್ಕ್ಯೂಟ್ ಎಲ್ಲಿ ಎಡವೀತು, ಯಾವ ಹೊತ್ತಿನಲ್ಲಿ ಎಡವೀತು ಎಂದು. ಆಮೇಲೆ ವೇಗದ ಯಂತ್ರಗಳು ಬಂದವು. ಚಾ ಕುಡಿದು ಬರುವಷ್ಟರಲ್ಲಿ ಎಲ್ಲ ವೋಲ್ಟೇಜು, ಎಲ್ಲ ಉಷ್ಣತೆ, ಎಲ್ಲ ಜೋಡಣೆಗಳನ್ನು ಪರೀಕ್ಷಿಸಿ ಹಸಿರು ಬಣ್ಣದಲ್ಲಿ ಪಾಸ್ ಎಂದು ತೋರಿಸುತ್ತಿತ್ತು. ಪರದೆ ಹಸಿರಾದರೆ ಮುಗಿಯಿತು, ಯಾರಿಗೂ ಯೋಚಿಸುವ ಪುರುಸೊತ್ತಿಲ್ಲ. ಹೊಸಬರಿಗೆ ಒಂದು ಮಾತು: ಯಂತ್ರ ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕೇಳದೆ ಬಿಟ್ಟದ್ದು ಏನು ಎಂದು ಅದು ಹೇಳುವುದಿಲ್ಲ.

ನಾವು ಕೇಳದೆ ಬಿಟ್ಟದ್ದು ಇದು. ವೋಲ್ಟೇಜ್ ಮೇಲಿದ್ದಾಗ ರಿಸೀವರ್ ಸರಿಯಾಗಿ ಓದುತ್ತದೆಯೇ, ಪಾಸ್. ಕೆಳಗಿದ್ದಾಗ ಓದುತ್ತದೆಯೇ, ಪಾಸ್. ಬ್ಯಾಟರಿ ಉಳಿಸಲು ಉಪಕರಣ ನಡುವೆಯೇ ವೋಲ್ಟೇಜ್ ಇಳಿಸುತ್ತದಲ್ಲ, ಹಾಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿರುವಾಗ? ಅದನ್ನು ಇಡೀ ಆಫೀಸಿನಲ್ಲಿ ಯಾರೂ ಹಾಕಿ ನೋಡುತ್ತಿರಲಿಲ್ಲ. ಆ ಹೊತ್ತಿಗೆ ಡಾಟಾ ಬರುವುದಿಲ್ಲ ಎಂದು ನಿಯಮದಲ್ಲೇ ಇದೆಯಲ್ಲ, ಮತ್ತೆ ಯಾಕೆ ಎನ್ನುತ್ತಿದ್ದರು.

ನನಗೆ ಅದು ಸಮಾಧಾನ ಇರಲಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿದವಳು ನಾನು. ಬೋಟು ನದಿಯಲ್ಲೂ ಚೆನ್ನಾಗಿರುತ್ತದೆ, ಕಡಲಿನಲ್ಲೂ ಚೆನ್ನಾಗಿರುತ್ತದೆ, ಮಗುಚುವುದು ನಡುವೆ, ನದಿ ಕಡಲು ಸೇರುವ ಅಳಿವೆಯಲ್ಲಿ. ಹಾಗಾಗಿ ನನ್ನ ರಿಸೀವರಿನಲ್ಲಿ ಒಂದು ಸಣ್ಣ ಕವಲು ಇಟ್ಟಿದ್ದೆ. ಡಾಟಾ ಇರಲಿ, ಇಲ್ಲದಿರಲಿ, ಅದರಲ್ಲಿ ಒಂಚೂರು ಕರೆಂಟ್ ಹರಿಯುತ್ತಲೇ ಇರುತ್ತದೆ. ವೋಲ್ಟೇಜ್ ಇಳಿದರೆ ರೆಫರೆನ್ಸ್ ಗೆರೆಯನ್ನೂ ಅದರ ಜೊತೆಗೇ ಇಳಿಸುವುದು ಅದರ ಕೆಲಸ. ಮನೆಯ ಮೂಲೆಯಲ್ಲಿ ಸಣ್ಣದಾಗಿ ಉರಿಯುವ ಸೀಮೆಎಣ್ಣೆ ದೀಪಕ್ಕೆ ನಮ್ಮಲ್ಲಿ ಚಿಮಿಣಿ ಎನ್ನುತ್ತೇವೆ. ಆ ಕವಲಿಗೆ ನಾನು ಅದೇ ಹೆಸರಿಟ್ಟಿದ್ದೆ, ಚಿತ್ರದ ಮೇಲೂ ಹಾಗೆಯೇ ಬರೆಯುತ್ತಿದ್ದೆ.

ವಿಮರ್ಶೆಯ ದಿನ ಶೆಟ್ಟರ ಬೆರಳು ಸೀದಾ ಅಲ್ಲಿಗೇ ಹೋಯಿತು. ಗಿರಾಕಿ ಕಂಪೆನಿ, ರಿಸೀವರ್ ಸುಮ್ಮನಿರುವಾಗ ತಿನ್ನುವ ಕರೆಂಟನ್ನು ಇನ್ನೂ ಇಳಿಸಿ ಎಂದು ಕೂತಿತ್ತು.

"ಇದೆಂತ ವಾರಿಜ? ಡಾಟಾ ಇಲ್ಲದಾಗ್ಲೂ ಕರೆಂಟ್ ತಿಂತಾ ಉಂಟಲ್ಲ."

"ಅದು ಬೇಕು ಸರ್. ವೋಲ್ಟೇಜ್ ಇಳಿಯುವಾಗ ಗೆರೆ ಹಿಂದೆ ಉಳಿದ್ರೆ ಮೊದಲ ಓದು ತಪ್ಪಾಗ್ತದೆ."

"ಗಿರಾಕಿ ಇಲ್ಲದ ಟೇಬಲಿನ ಮೇಲೆ ಫ್ಯಾನ್ ಯಾಕೆ ತಿರುಗ್ಬೇಕು ಮಾರಾಯ್ತಿ?"

"ಅಳಿವೆ ದಾಟುವಾಗ ಯಾರಾದ್ರೂ ಎಂಜಿನ್ ಬಂದ್ ಮಾಡ್ತಾರಾ?"

"ಇಲ್ಲಿಗೂ ಬೋಟ್ ತಂದ್ರಾ ನೀವು" ಎಂದರು. ಎಲ್ಲರೂ ನಕ್ಕರು. ಅವತ್ತು ಗೋಳಿಬಜೆ ನಾನು ತರಿಸಿರಲಿಲ್ಲ, ಶೆಟ್ಟರೇ ತರಿಸಿದ್ದರು. ಪೊಟ್ಟಣ ಬಿಚ್ಚಿದರು, ಸರ್ಕ್ಯೂಟಿನಿಂದ ಕವಲು ಹೋಯಿತು, ಚಿಮಿಣಿ ಆರಿತು. ತೆಗೆಯಬೇಡಿ ಎಂದು ನಾನು ಹೇಳಿದ್ದನ್ನು ಅಲ್ಲಿದ್ದವರೆಲ್ಲರೂ ಕೇಳಿದ್ದರು. ಒಬ್ಬೊಬ್ಬರಾಗಿ ಗೋಳಿಬಜೆಗೆ ಕೈ ಹಾಕಿದರು.

ಇನ್ನು ಮೆಲ್ವಿನ್ ಬಗ್ಗೆ ಹೇಳಬೇಕು. ಕಾರ್ಖಾನೆಯಿಂದ ತಯಾರಾಗಿ ಬಂದ ಚಿಪ್‌ಗಳನ್ನು ಬೋರ್ಡಿಗೆ ಹಾಕಿ ಪರೀಕ್ಷಿಸುವ ಬೆಂಚು ಅವನದ್ದು. ನನಗಿಂತ ಹದಿನೈದು ವರ್ಷ ಚಿಕ್ಕವ, ವಾರಿಜಕ್ಕ ಎಂದು ಕರೆಯುತ್ತಿದ್ದ. ಚಿಪ್ ಮುಟ್ಟುವವರು ಮೈಯಲ್ಲಿರುವ ವಿದ್ಯುತ್ತು ಚಿಪ್ಪಿಗೆ ಹಾಯದ ಹಾಗೆ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಬೇಕು, ಅದರ ವಯರು ಮೇಜಿಗೆ ಸಿಕ್ಕಿಸಿರುತ್ತದೆ. ಎಷ್ಟೋ ಜನ ಸೋಮಾರಿತನದಿಂದ ಕಟ್ಟುವುದಿಲ್ಲ. ಮೆಲ್ವಿನ್ ಬಿಚ್ಚುವುದನ್ನೇ ಮರೆಯುತ್ತಿದ್ದ. ಊಟಕ್ಕೆಂದು ಎದ್ದು ನಾಲ್ಕು ಹೆಜ್ಜೆ ಹೋಗಿ, ಕಟ್ಟಿದ ಆಡಿನ ಹಾಗೆ ಎಳೆಸಿಕೊಂಡು ನಿಲ್ಲುತ್ತಿದ್ದ. ನಾವು ದಿನಾ ತಮಾಷೆ ಮಾಡುತ್ತಿದ್ದೆವು.

ಚಿಪ್ಪುಗಳು ಬಂದವು. ಮೆಲ್ವಿನ್ ಹಾಕಿ ನೋಡಿದ. ಮೇಲೆ ಸರಿ, ಕೆಳಗೆ ಸರಿ. ಆದರೆ ಅವನು ಬೋರ್ಡನ್ನು ಗಿರಾಕಿ ಬಳಸುವ ಹಾಗೆಯೇ ಬಳಸಿದ, ಅಂದರೆ ಓಡುತ್ತಿರುವಾಗಲೇ ವೋಲ್ಟೇಜ್ ಇಳಿಸಿದ. ಕೆಲವು ಬೋರ್ಡುಗಳಲ್ಲಿ, ಕೆಲವು ಸಲ, ಇಳಿಸಿದ ಕೂಡಲೇ ಬರುವ ಮೊದಲ ಓದಿನಲ್ಲಿ ಒಂದು ಇದ್ದದ್ದು ಸೊನ್ನೆಯಾಗಿ ಬರುತ್ತಿತ್ತು.

ನನ್ನನ್ನು ಕರೆದ. "ವಾರಿಜಕ್ಕ, ಇದು ನನ್ನ ಮಂಡೆ ತಿಂತಾ ಉಂಟು. ಸ್ವಲ್ಪ ಬಂದು ನೋಡಿ." ಸಿಗ್ನಲ್ ತೋರಿಸುವ ಸ್ಕೋಪಿನ ಪರದೆ ನೋಡಿದೆ. ಸಿಗ್ನಲ್ ಕೆಳಗೆ ಬಂದಿದೆ, ಗೆರೆ ಇನ್ನೂ ಮೇಲೆಯೇ ನೇತಾಡುತ್ತಾ ನಿಧಾನಕ್ಕೆ ಜಾರುತ್ತಿದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ. "ನಿನ್ನ ಬೆಂಚು ಸರಿ ಉಂಟು ಮಾರಾಯ. ಚಿಮಿಣಿ ಇಲ್ಲದ್ದು ಇದು" ಎಂದೆ. ಅವನಿಗೆ ಹೋದ ಉಸಿರು ಬಂದ ಹಾಗಾಯಿತು. ಇಬ್ಬರೂ ಶೆಟ್ಟರ ಕೋಣೆಗೆ ಹೋಗಿ ಹೇಳಿದೆವು.

ಶೆಟ್ಟರು ಮೆಲ್ವಿನ್ ಕಡೆ ತಿರುಗಿ, "ಕುಣಿಲಿಕ್ಕೆ ಬಾರದವ ನೆಲ ಡೊಂಕು ಅಂದನಂತೆ. ನಿನ್ನ ಸೋಲ್ಡರಿಂಗ್ ನೋಡ್ಕೋ ಮೊದ್ಲು" ಎಂದರು. ನನ್ನ ಕಡೆ ನೋಡಲೇ ಇಲ್ಲ.

ಆ ವಾರ ಅದೇ ತಪ್ಪು ಗಿರಾಕಿಯ ಕಡೆಯಲ್ಲೂ ಕಂಡಿತು. ಅವರಿಂದ ಫೋನ್ ಬಂತು. ಮುಂದಿನ ದೊಡ್ಡ ಕೆಲಸ ನಮಗೆ ಕೊಡುವುದೋ ಬೇಡವೋ ಎಂಬ ಮಾತು ನಡೆಯುತ್ತಿದ್ದ ಸಮಯ. ಶೆಟ್ಟರು ಅವರಿಗೆ ಹೇಳಿದ್ದು ಇದು: ವಿನ್ಯಾಸದಲ್ಲಿ ದೋಷ ಇಲ್ಲ, ನಮ್ಮ ಬೆಂಚಿನವನು ಕೈಗೆ ಪಟ್ಟಿ ಕಟ್ಟದೆ ಚಿಪ್ಪುಗಳನ್ನು ಮುಟ್ಟಿ ಹಾಳು ಮಾಡಿದ್ದಾನೆ, ಅವನ ಕೈಯಿಂದ ಹೋದ ಮಾದರಿಗಳೇ ನಿಮಗೂ ಬಂದದ್ದು, ಅವನನ್ನು ತೆಗೆಯುತ್ತೇವೆ, ಸ್ವಲ್ಪ ಸಮಯ ಕೊಡಿ. ಎತ್ತಿಗೆ ಜ್ವರ ಬಂತು, ಎಮ್ಮೆಗೆ ಬರೆ ಎಳೆದರು. ಪಟ್ಟಿ ಬಿಚ್ಚಲು ಮರೆಯುವ ಮನುಷ್ಯನ ಮೇಲೆ, ಪಟ್ಟಿ ಕಟ್ಟದವ ಎಂಬ ಅಪವಾದ. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅದು ಅಂಟಿದವನನ್ನು ಇನ್ನೊಂದು ಲ್ಯಾಬಿನ ಬಾಗಿಲ ಹತ್ತಿರವೂ ಸೇರಿಸುವುದಿಲ್ಲ.

ಮಾರನೆಯ ದಿನ ಮೆಲ್ವಿನ್ ಬೆಂಚಿನಲ್ಲಿ ಇರಲಿಲ್ಲ. ಆಫೀಸಿಗೆ ಬರಬೇಡ ಎಂದು ಹೇಳಿಯಾಗಿತ್ತು.

ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ. ಶೆಟ್ಟರ ಕೋಣೆಗೆ ಹೋದೆ, ಬಾಗಿಲು ಹಾಕಿದೆ. ಸರ್ಕ್ಯೂಟ್ ಸರಿ ಮಾಡುವುದು ನನ್ನಿಂದ ಮಾತ್ರ ಆಗುವ ಕೆಲಸ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಚಿಮಿಣಿ ವಾಪಸ್ ಹಾಕಿ ಕೊಡ್ತೇನೆ" ಎಂದೆ. "ಆದರೆ ಮೆಲ್ವಿನ್ ವಾಪಸ್ ಬರ್ಬೇಕು. ನೀವೇ ಕರೀಬೇಕು."

"ಮೊದ್ಲು ಸರ್ಕ್ಯೂಟ್ ಆಗ್ಲಿ ವಾರಿಜ. ಮಂಡೆಬಿಸಿ ಮಾಡ್ಬೇಡಿ."

"ಹಾಗಾದ್ರೆ ನಾನು ಕೆಲಸಕ್ಕೆ ಕೂತ್ಕೊಳ್ಳುವುದಿಲ್ಲ. ಸರ್ಕ್ಯೂಟ್ ನೀವೇ ಬಿಡಿಸಿ."

ಶೆಟ್ಟರು ಕುರ್ಚಿ ಹಿಂದೆ ತಳ್ಳಿದರು. ಆಮೇಲೆ ಎದ್ದು ನಿಂತು, ಚಪ್ಪಲಿ ಬಿಚ್ಚಿ, "ನನ್ನ ಕುಟುಂಬದ ದೈವದ ಆಣೆ. ಮೆಲ್ವಿನನ್ನು ನಾನೇ ಕರೀತೇನೆ. ಬಾ ಅಂತ ನನ್ನ ಬಾಯಿಂದಲೇ ಹೇಳ್ತೇನೆ. ಸಾಕಾ?" ಎಂದರು.

ನಮ್ಮ ಕಡೆಯವರಿಗೆ ಇದರ ತೂಕ ಬಿಡಿಸಿ ಹೇಳಬೇಕಾಗಿಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವರೂ ಕುಟುಂಬದ ದೈವದ ಹೆಸರಿನಲ್ಲಿ ಸುಳ್ಳು ಆಡುವುದಿಲ್ಲ. ಚಿಪ್ಪಿನೊಳಗೆ ಕರೆಂಟ್ ಎಣಿಸುವವರಿಗೂ ಆ ಹೆದರಿಕೆ ಉಂಟು. ನನಗೆ ಅಷ್ಟು ಸಾಕಿತ್ತು. ಹೋಗಿ ಕೆಲಸಕ್ಕೆ ಕೂತೆ.

ಆ ಸಲದ ಕೆಲಸ ನನ್ನ ಜೀವನದ ಒಳ್ಳೆಯ ಕೆಲಸ. ಬರೀ ಹಳೆಯ ಚಿಮಿಣಿ ಇಡಲಿಲ್ಲ, ವೋಲ್ಟೇಜ್ ನಿಂತಿರುವಾಗ ಅದು ಇನ್ನೂ ಸಣ್ಣಗೆ ಉರಿದು, ಇಳಿಯಲು ಶುರುವಾದ ಕೂಡಲೇ ದೊಡ್ಡದಾಗುವ ಹಾಗೆ ಮಾಡಿದೆ. ಶೆಟ್ಟರಿಗೆ ಬೇಕಾದ ಉಳಿತಾಯವೂ ಬಂತು, ಓದೂ ತಪ್ಪಲಿಲ್ಲ. ಇಳಿಯುವಾಗ ಹೇಗಿರುತ್ತದೆ ಎಂದು ಈ ಸಲ ಎಲ್ಲರೂ ಸಿಮ್ಯುಲೇಶನ್ ಹಾಕಿದರು. ಈಗ ಆ ಆಫೀಸಿನಲ್ಲಿ ಆ ಪರೀಕ್ಷೆ ಇಲ್ಲದೆ ಯಾವ ರಿಸೀವರೂ ಹೊರಗೆ ಹೋಗುವುದಿಲ್ಲವಂತೆ. ಗಿರಾಕಿಗಳ ಸಭೆಯಲ್ಲಿ ಶೆಟ್ಟರು ನನ್ನ ಹೊಸ ಚಿಮಿಣಿಯನ್ನು "ನಮ್ಮದೊಂದು ಹೊಸ ಐಡಿಯಾ" ಎಂದು ವಿವರಿಸಿದರು. ಇರಲಿ, ನನಗೆ ಹೆಸರಿನ ಆಸೆ ಇರಲಿಲ್ಲ. ನಾನು ಕಾಯುತ್ತಿದ್ದದ್ದು ಬೆಂಚಿನ ಖಾಲಿ ಕುರ್ಚಿ ತುಂಬುವುದಕ್ಕೆ.

ಅಲ್ಲಿ ಬಂದು ಕೂತವನು ಬೇರೆ ಹುಡುಗ. ಶೆಟ್ಟರಲ್ಲಿ ಕೇಳಿದೆ.

"ಕರೆದೆ ವಾರಿಜ. ಮನೆಗೇ ಹೋಗಿ ಕರೆದೆ. ಅವನೇ ಬರುದಿಲ್ಲ ಅಂದ. ದೈವ ಉಂಟು ಮೇಲೆ, ನಾನು ಸುಳ್ಳು ಹೇಳುದಿಲ್ಲ."

ಮೆಲ್ವಿನ್‌ಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಮತ್ತೆ ಮತ್ತೆ ಮಾಡಿದೆ. ಕೂಳೂರಿನಲ್ಲಿ ಅವನ ಬಾಡಿಗೆ ಮನೆಗೆ ಹೋದೆ. ಹೆಂಡತಿ ಬಾಗಿಲಲ್ಲೇ ನಿಂತು, "ಅವರು ಇಲ್ಲ" ಎಂದಳು. ಒಳಗೆ ಅವನು ಕೆಮ್ಮಿದ್ದು ಕೇಳಿಸಿತು. ಯಾವಾಗಲೂ ಕೂರಿಸಿ ಊಟ ಹಾಕದೆ ಬಿಡದ ಹುಡುಗಿ ಅವಳು. ಮುಂದಿನ ಸಲ ಹೋದಾಗ ಮನೆ ಖಾಲಿಯಾಗಿತ್ತು. ಮರ್ಯಾದೆ ಹೋದವನಿಗೆ ನಮ್ಮ ಮುಖ ನೋಡುವುದು ಬೇಡವಾಗಿದೆ ಎಂದುಕೊಂಡೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಮತ್ತೆ ಅದೇ ಶೆಟ್ಟರ ಕೈಕೆಳಗೆ ಯಾಕೆ ಉಳಿದಿರಿ ಎಂದು ಕೇಳುವವರಿದ್ದಾರೆ. ಮಂಗಳೂರಿನಲ್ಲಿ ನನ್ನ ವಿದ್ಯೆ ನಡೆಯುತ್ತಿದ್ದದ್ದು ಆ ಒಂದು ಮಹಡಿಯಲ್ಲಿ. ಅದು ಬಿಟ್ಟರೆ ನಾನು ಬರೀ ವಾರಿಜ. ಕೊಟ್ಟ ಮಾತನ್ನು ಶೆಟ್ಟರು ಉಳಿಸಿಕೊಂಡಿದ್ದಾರೆ ಎಂದೂ ನಂಬಿದ್ದೆ. ನಿವೃತ್ತಿಯ ದಿನ ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮನೆಗೆ ಬಂದೆ.

ಹೋದ ವರ್ಷದ ಮಾತು. ಉಳ್ಳಾಲದಲ್ಲಿರುವ ಅಕ್ಕನ ಮನೆಗೆ ಹೊರಟಿದ್ದೆ. ತೊಕ್ಕೊಟ್ಟಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ ಎದುರಿಗೊಂದು ಮೊಬೈಲ್ ರಿಪೇರಿ ಅಂಗಡಿ ಕಂಡಿತು. ಗಾಜಿನ ಹಿಂದೆ ಬಗ್ಗಿ ಕೂತಿದ್ದವನ ಬೆನ್ನು ನೋಡಿಯೇ ಮೆಲ್ವಿನ್ ಎಂದು ಗೊತ್ತಾಯಿತು. ಬಂದ ಬಸ್ಸನ್ನು ಬಿಟ್ಟು ಒಳಗೆ ಹೋದೆ.

ತಲೆ ಎತ್ತಿ ನೋಡಿದ. ಕೂದಲು ಹಣ್ಣಾಗಿತ್ತು. "ಎಂತ ಆಗ್ಬೇಕಿತ್ತು ಮೇಡಂ?" ಎಂದ.

"ಮೇಡಂ ಎಂತ ಮಾರಾಯ. ನಾನು ವಾರಿಜಕ್ಕ."

"ಗೊತ್ತುಂಟು. ಫೋನ್ ರಿಪೇರಿ ಉಂಟಾ?"

ಅವನ ಹಿಂದಿನ ಗೋಡೆಯಲ್ಲಿ ಅಂಗಡಿ ಶುರುವಾದ ದಿನದ ಫೋಟೋ ಇತ್ತು. ಟೇಪು ಕತ್ತರಿಸುತ್ತಿದ್ದವರು ಜಯಕರ ಶೆಟ್ಟರು. ನಾನು ಅದನ್ನೇ ನೋಡುವುದನ್ನು ಕಂಡು, "ಕಟ್ಟಡ ಅವರದ್ದೇ. ಆಗ ನನಗೆ ಯಾರೂ ಕೆಲಸ ಕೊಡ್ಲಿಲ್ಲ. ಅವರು ಕರೆದು ಈ ಕೋಣೆ ಕೊಟ್ರು. ಮಗಳ ಕಾಲೇಜಿಗೂ ಅವರೇ ಹೇಳಿ ಸೀಟ್ ಮಾಡಿಸಿದ್ರು" ಎಂದ.

"ಅವರು ಆಫೀಸಿಗೆ ವಾಪಸ್ ಕರೆದಾಗ ಯಾಕೆ ಬರ್ಲಿಲ್ಲ ನೀನು?"

ಕೈಯಲ್ಲಿದ್ದ ಚಿಮಟ ಕೆಳಗಿಟ್ಟ. "ನೀವು ಕೇಳ್ತೀರಾ ಅದನ್ನು?"

"ಮತ್ತೆ ಯಾರು ಕೇಳ್ಬೇಕು?"

"ಶೆಟ್ಟರು ಮನೆಗೆ ಬಂದ್ರು. ಬಾ ಮೆಲ್ವಿನ್, ಕೆಲಸಕ್ಕೆ ಬಾ ಅಂದ್ರು. ಆದ್ರೆ ಒಂದು ವಿಷಯ ಉಂಟು ಅಂದ್ರು. ನಾನು ಪಟ್ಟಿ ಕಟ್ಟಿರ್ಲಿಲ್ಲ ಅಂತ ಗಿರಾಕಿಯ ಕಿವಿಗೆ ಹಾಕಿದ್ದೇ ನೀವಂತೆ. ಸರ್ಕ್ಯೂಟ್ ನಿಮ್ಮದಲ್ವಾ, ಅದರ ಹೆಸರು ಉಳೀಬೇಕಿತ್ತಂತೆ. ನಾನು ವಾಪಸ್ ಬಂದ್ರೆ ನೀವು ಬಿಟ್ಟು ಹೋಗ್ತೀರಂತೆ. ನೋಡು, ನಿನ್ನಿಷ್ಟ ಅಂದ್ರು. ನಾನು ಬರುದಿಲ್ಲ ಅಂದೆ."

ಹತ್ತಿರ ಇದ್ದ ಸ್ಟೂಲಿನ ಮೇಲೆ ಕೂತೆ. ದೈವದ ಆಣೆ ಒಂದಕ್ಷರ ತಪ್ಪದೆ ಉಳಿದಿತ್ತು. ಅವರೇ ಕರೆದಿದ್ದರು, ಅವರ ಬಾಯಿಯಿಂದಲೇ ಬಾ ಎಂದಿದ್ದರು. ದೈವಕ್ಕೂ ಲೆಕ್ಕ ಒಪ್ಪಿಸಿದ್ದರು, ನನ್ನ ಬಾಯನ್ನೂ ಮುಚ್ಚಿದ್ದರು, ಇವನನ್ನೂ ದೂರ ಮಾಡಿದ್ದರು.

ಎಲ್ಲ ಹೇಳಿದೆ. ಬಾಗಿಲು ಹಾಕಿ ಜಗಳ ಮಾಡಿದ್ದು, ಆಣೆ ಹಾಕಿಸಿದ್ದು, ಫೋನ್ ಮಾಡಿದ್ದು, ಮನೆಗೆ ಹೋದದ್ದು, ಅವನು ಕೆಮ್ಮಿದ್ದು. ನಡುವೆ ಯಾರೋ ಚಾರ್ಜರ್ ಕೇಳಿಕೊಂಡು ಬಂದರು. ಮೆಲ್ವಿನ್ ಎದ್ದು ಕೊಟ್ಟು, ಕಳಿಸಿ, ಮತ್ತೆ ಬಂದು ಕೂತ.

"ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ ಮೆಲ್ವಿನ್?"

ಮೇಜಿನ ಮೇಲೆ ಬಿಚ್ಚಿಟ್ಟ ಫೋನಿನ ತಿರುಪುಗಳನ್ನು ಒಂದು ಕಡೆ ಸರಿಸಿದ. "ನೀವು ಹೇಳಿದ್ದು ನಿಜ ಇರ್ಬಹುದು ವಾರಿಜಕ್ಕ" ಎಂದ. ಆ ಹೆಸರು ಬಾಯಿಗೆ ಬಂದದ್ದು ಅವನಿಗೇ ಗೊತ್ತಾಗಲಿಲ್ಲವೇನೋ. "ಆದ್ರೆ ನಾನು ಅದನ್ನು ನಂಬಿದ್ರೆ, ನಾಳೆ ಬೆಳಿಗ್ಗೆ ಬಂದು ಈ ಶಟರ್ ಎತ್ಲಿಕ್ಕೆ ನನ್ನಿಂದ ಆಗುದಿಲ್ಲ. ಮಗಳದ್ದು ಇನ್ನೂ ಒಂದು ವರ್ಷ ಉಂಟು. ನಿಮ್ಮನ್ನು ಬೈದು ಬೈದು ನನಗೆ ಅಭ್ಯಾಸ ಆಗಿದೆ. ಅದು ಹಾಗೇ ಇರ್ಲಿ. ನೀವು ಇನ್ನು ಇಲ್ಲಿಗೆ ಬರ್ಬೇಡಿ."

ನಾನು ಎದ್ದೆ. ಅವನು ಚಿಮಟ ಕೈಗೆತ್ತಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದ.